ರೆಕಾರ್ಡ್ ಲೇಬಲ್ ನೋಡಿ ದೇಶ ಗುರುತಿಸುವುದು ಹೇಗೆ? ಸಂಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಡುಗಳು ಅವೇ, ಕವರಿನ ಚಿತ್ರವೂ ಅದೇ. ಆದರೂ ಒಂದೇ ಆಲ್ಬಮ್ಮಿನ ಇಂಗ್ಲೆಂಡ್ ಪ್ರತಿ, ಅಮೆರಿಕದ ಪ್ರತಿ, ಜಪಾನಿನ ಪ್ರತಿಗಳನ್ನು ಸಾಲಾಗಿ ಇಟ್ಟರೆ ನಡುವಿನ ಕಾಗದದ ಬಿಲ್ಲೆ, ಅಂದರೆ ಲೇಬಲ್, ಮೂರರಲ್ಲೂ ಬೇರೆ ಬೇರೆ. ಬಣ್ಣ, ಗುರುತು, ಅಂಚಿನ ಸಣ್ಣಕ್ಷರ, ನಂಬರು ಎಲ್ಲದಕ್ಕೂ ಒಂದೊಂದು ಕಾರಣವಿದೆ. ಆ ಕಾರಣಗಳು ಗೊತ್ತಾದರೆ ಓದುವುದು ಸುಲಭ.

ಲೇಬಲ್ ನೋಡಿದ ಕೂಡಲೇ ರೆಕಾರ್ಡ್ ಯಾವ ದೇಶದ್ದೆಂದು ಹೇಳಬಹುದೇ?

ಬಹುಪಾಲು ಹೇಳಬಹುದು. ಆದರೆ ಹೊಸಬರು ಮೊದಲು ನೋಡುವುದು ದೊಡ್ಡಕ್ಷರದ ಕಂಪನಿ ಹೆಸರನ್ನು, ದೇಶ ಗುರುತಿಸಲು ಅದರಷ್ಟು ಕಡಿಮೆ ಉಪಯೋಗದ್ದು ಬೇರೊಂದಿಲ್ಲ. ಓದುವ ಕ್ರಮ ಹೀಗಿರಲಿ: ಮೊದಲು ಲೇಬಲ್ಲಿನ ಅಂಚಿನಲ್ಲಿ ಸುತ್ತಲೂ ಹೋಗುವ ಸಣ್ಣಕ್ಷರದ ಸಾಲು, ಆಮೇಲೆ ಚೌಕಟ್ಟಿನೊಳಗಿನ ಹಕ್ಕುಸ್ವಾಮ್ಯ ಸಂಘದ ಹೆಸರು, ಆಮೇಲೆ "ಮೊದಲ ಬದಿ", "ನಿಮಿಷಕ್ಕೆ ಇಷ್ಟು ಸುತ್ತು" ಎಂಬುದನ್ನು ಯಾವ ಭಾಷೆಯಲ್ಲಿ ಬರೆದಿದ್ದಾರೆ ಎಂಬುದು, ನಂತರ ಕೆಟಲಾಗ್ ನಂಬರು. ಕಡೆಗೆ, ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ನುಣುಪು ಜಾಗದಲ್ಲಿ, ಅಂದರೆ ರನ್‌ಔಟ್‌ನಲ್ಲಿ, ಕೊರೆದ ಅಥವಾ ಅಚ್ಚೊತ್ತಿದ ಅಕ್ಷರಗಳು. ಲೇಬಲ್‌ಗೂ ರನ್‌ಔಟ್‌ಗೂ ತಾಳೆಯಾಗದಿದ್ದರೆ ರನ್‌ಔಟನ್ನು ನಂಬಿ. ಕಾಗದ ಉಳಿದುಹೋಗಿ ಮುಂದಿನ ವರ್ಷ ಬಳಕೆಯಾಗಬಹುದು. ತಟ್ಟೆ ಒತ್ತುವ ಲೋಹದ ಅಚ್ಚಿನ, ಅಂದರೆ ಸ್ಟ್ಯಾಂಪರಿನ, ಗುರುತು ಮಾತ್ರ ಆ ತಟ್ಟೆಯ ಮೇಲೇ ಅಚ್ಚಾಗಿರುತ್ತದೆ.

ಬದಿ ಮತ್ತು ವೇಗದ ಪದಗಳಿಂದ ಭಾಷೆ ಗುರುತಿಸುವುದು ಹೇಗೆ?

ಜರ್ಮನ್‌ನಲ್ಲಿ "ಝೈಟೆ", ಫ್ರೆಂಚ್‌ನಲ್ಲಿ "ಫಾಸ್", ಇಟಾಲಿಯನ್‌ನಲ್ಲಿ "ಲಾತೊ", ಡಚ್‌ನಲ್ಲಿ "ಕಾಂಟ್". ಸ್ಪ್ಯಾನಿಷ್‌ನಲ್ಲಿ "ಲಾದೊ" ಅಥವಾ "ಕಾರಾ". ವೇಗಕ್ಕೆ ಫ್ರೆಂಚರು "ತೂರ್", ಇಟಲಿಯವರು "ಜಿರಿ" ಎಂದು ಬರೆಯುತ್ತಾರೆ. ಕೆನಡಾದ ಲೇಬಲ್ಲುಗಳಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ಒಟ್ಟಿಗೆ ಕಾಣಬಹುದು. ಹಾಗಾಗಿ ಫ್ರೆಂಚ್ ಸಾಲು ಕಂಡ ಮಾತ್ರಕ್ಕೆ ಫ್ರಾನ್ಸ್ ಎಂದು ಬರೆದುಕೊಳ್ಳಬೇಡಿ.

ನಾಯಿ ಮತ್ತು ಕಹಳೆಯ ಚಿತ್ರ ಒಂದು ದೇಶದಲ್ಲಿ ಒಂದು ಕಂಪನಿಯದು, ಇನ್ನೊಂದು ದೇಶದಲ್ಲಿ ಇನ್ನೊಂದರದು. ಏಕೆ?

ಟ್ರೇಡ್‌ಮಾರ್ಕ್ ಹಕ್ಕನ್ನು ದೇಶವಾರು ಹಂಚಿಕೊಂಡದ್ದೇ ಕಾರಣ. ಲೇಬಲ್ ಸಂಗ್ರಹದ ಅರ್ಧ ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ನಾಯಿ ನಿಪ್ಪರ್‌ನ ಚಿತ್ರ ಬ್ರಿಟನ್ನಿನಲ್ಲಿ ಎಚ್‌ಎಂವಿಯದು, ಅಂದರೆ ಇಎಂಐ ಕಂಪನಿಯದಾಗಿತ್ತು. ಅಮೆರಿಕ, ಕೆನಡಾಗಳಲ್ಲಿ ಅದೇ ನಾಯಿ ಆರ್‌ಸಿಎ ವಿಕ್ಟರ್‌ನದು. ಜಪಾನಿನಲ್ಲಿ ಜೆವಿಸಿ ಎಂದು ಹೆಸರಾದ ನಿಪ್ಪಾನ್ ವಿಕ್ಟರ್‌ನದು. ಆದ್ದರಿಂದ ಇಎಂಐ ತನ್ನ ಶಾಸ್ತ್ರೀಯ ಸಂಗೀತವನ್ನು ಅಮೆರಿಕದಲ್ಲಿ ನಾಯಿಯಿಲ್ಲದೆ, 1953ರಿಂದ ಏಂಜೆಲ್ ಎಂಬ ಲೇಬಲ್‌ನಲ್ಲಿ, ಅಂದರೆ ಆ ಬ್ರ್ಯಾಂಡ್ ಹೆಸರಿನಲ್ಲಿ, ಮಾರಿತು. ಜಪಾನಿನಲ್ಲಿ ತೋಷಿಬಾ ಕೂಡ ಏಂಜೆಲ್ ಹೆಸರನ್ನೇ ಬಳಸಿತು. ಜರ್ಮನಿಯದು ಇನ್ನೂ ವಿಚಿತ್ರ: ಅಲ್ಲಿ ನಾಯಿಯ ಹಕ್ಕು 1949ರವರೆಗೆ ಇದ್ದದ್ದು ಡಾಯ್ಚ ಗ್ರಾಮಫೋನ್ ಬಳಿ. ಇಎಂಐನ ಶಾಖೆಗೆ ಎಲೆಕ್ಟ್ರೋಲಾ ಎಂಬ ಹೆಸರಿಟ್ಟದ್ದು ಅದಕ್ಕೇ. 1949ರಲ್ಲಿ ಹಕ್ಕು ಎಲೆಕ್ಟ್ರೋಲಾ ಕೈಸೇರಿದ ಮೇಲೆ ಡಾಯ್ಚ ಗ್ರಾಮಫೋನ್ ಟುಲಿಪ್ ಹೂಗಳ ಕಿರೀಟವನ್ನು ತನ್ನ ಗುರುತಾಗಿ ಮಾಡಿಕೊಂಡಿತು.

ಕೊಲಂಬಿಯಾ ಕಥೆಯೂ ಇಂಥದೇ. ಬ್ರಿಟನ್ನಿನ ಕೊಲಂಬಿಯಾ ಇಎಂಐನದಾಗಿತ್ತು. ಅಮೆರಿಕದ ಕೊಲಂಬಿಯಾ ಆಗ ಸಿಬಿಎಸ್ ಒಡೆತನದಲ್ಲಿತ್ತು. ಜಪಾನಿನ ನಿಪ್ಪಾನ್ ಕೊಲಂಬಿಯಾ ಮತ್ತೊಂದು. ಸ್ಪೇನಿನ ಕೊಲಂಬಿಯಾ ಇವ್ಯಾವುವೂ ಅಲ್ಲ. ಅಮೆರಿಕದ ಕೊಲಂಬಿಯಾಕ್ಕೆ ಯುರೋಪಿನಲ್ಲಿ ತನ್ನದೇ ಹೆಸರು ಬಳಸುವ ಹಕ್ಕಿರಲಿಲ್ಲ. 1960ರ ದಶಕದ ಆರಂಭದಿಂದ ಅದೇ ಹಾಡುಗಳು ಅಲ್ಲಿ ಸಿಬಿಎಸ್ ಲೇಬಲ್‌ನಲ್ಲಿ ಬಂದವು.

ಡೆಕ್ಕಾ ಕೂಡ ಎರಡು, ಬ್ರಿಟನ್ನಿನದೊಂದು, ಅಮೆರಿಕದ್ದೊಂದು. ಬ್ರಿಟಿಷ್ ಡೆಕ್ಕಾ ಅಮೆರಿಕಕ್ಕೆ ಹೋದಾಗ ಹೆಸರು ಲಂಡನ್ ಆಯಿತು. ಇಲ್ಲೊಂದು ಲಾಭದ ವಿಷಯವಿದೆ: 1950ರ ದಶಕದ ಕೊನೆ ಮತ್ತು 1960ರ ದಶಕದ ಅನೇಕ ಲಂಡನ್ ಸ್ಟೀರಿಯೊ ಶಾಸ್ತ್ರೀಯ ರೆಕಾರ್ಡುಗಳು ಇಂಗ್ಲೆಂಡಿನಲ್ಲೇ, ಡೆಕ್ಕಾದ ಕಾರ್ಖಾನೆಯಲ್ಲೇ ತಯಾರಾದವು. ಲೇಬಲ್‌ನಲ್ಲಿ "ಮೇಡ್ ಇನ್ ಇಂಗ್ಲೆಂಡ್" ಎಂದಿದ್ದು, ರನ್‌ಔಟ್‌ನಲ್ಲಿ ಡೆಕ್ಕಾದ "ಝಡ್‌ಎಎಲ್" ಎಂದು ಶುರುವಾಗುವ ಮ್ಯಾಟ್ರಿಕ್ಸ್ (ಆ ಕೊರೆತದ ಗುರುತು ಸಂಖ್ಯೆ) ಇದ್ದರೆ ಕೈಯಲ್ಲಿರುವುದು ಡೆಕ್ಕಾದ ಕೆಲಸವೇ. ಡೆಕ್ಕಾ ಲೇಬಲ್ಲಿಗೆ ತೆರುವ ಹೆಚ್ಚಿನ ಬೆಲೆ ಉಳಿಯುತ್ತದೆ.

ಅಂಚಿನ ಸಣ್ಣಕ್ಷರದಲ್ಲಿ ಏನನ್ನು ಹುಡುಕಬೇಕು?

ತಯಾರಕರ ಪೂರ್ಣ ಹೆಸರು ಮತ್ತು ಎಚ್ಚರಿಕೆಯ ಮಾತಿನ ಭಾಷೆ. ಉದಾಹರಣೆಗೆ ಒಂದೇ ಲೇಬಲನ್ನು ಹತ್ತಿರದಿಂದ ನೋಡೋಣ: 1960ರ ದಶಕದ ಬ್ರಿಟಿಷ್ ಪಾರ್ಲೋಫೋನ್ (ಇದೂ ಇಎಂಐನದೇ) ಎಲ್‌ಪಿ. ಬೀಟಲ್ಸ್‌ರ ಮೊದಲ ಎಲ್‌ಪಿಯ ಮೋನೊ ಪ್ರತಿ, ನಂಬರು ಪಿಎಂಸಿ 1202, 1963ರ ಮಾರ್ಚಿನಲ್ಲಿ ಬಂದಾಗ ಲೇಬಲ್ ಕಪ್ಪು, ಅಕ್ಷರಗಳು ಚಿನ್ನದ ಬಣ್ಣ. ಕೆಲವೇ ಸಮಯದಲ್ಲಿ ಅದೇ ನಂಬರಿಗೆ ಕಪ್ಪಿನ ಮೇಲೆ ಹಳದಿ ಗುರುತಿನ ಲೇಬಲ್ ಬಂತು. ಚಿನ್ನದಕ್ಷರದ ಪ್ರತಿಗಳಲ್ಲೂ ಎರಡು ಬಗೆ: ಹಾಡುಗಳ ಪ್ರಕಾಶಕರಾಗಿ ಮೊದಲು ಡಿಕ್ ಜೇಮ್ಸ್ ಕಂಪನಿಯ ಹೆಸರು, ನಂತರ ನಾರ್ದರ್ನ್ ಸಾಂಗ್ಸ್ ಹೆಸರು.

ಹಳದಿ-ಕಪ್ಪು ಲೇಬಲ್‌ನೊಳಗೂ ಕಾಲ ಗುರುತಿಸಬಹುದು. ಅಂಚಿನ ಸಾಲು "ದಿ ಪಾರ್ಲೋಫೋನ್ ಕಂಪನಿ ಲಿಮಿಟೆಡ್" ಎಂದು ಶುರುವಾದರೆ 1965ಕ್ಕಿಂತ ಮುಂಚಿನ ಮುದ್ರಣ ಶೈಲಿ. "ದಿ ಗ್ರಾಮಫೋನ್ ಕಂಪನಿ ಲಿಮಿಟೆಡ್" ಎಂದಿದ್ದರೆ ಆಮೇಲಿನದು. ನಡುವೆ ಅಡ್ಡಲಾಗಿ, ಬ್ರಿಟನ್ನಿನಲ್ಲಿ ನಿಗದಿತ ಮರುಮಾರಾಟ ಬೆಲೆಯ ಷರತ್ತಿಗೆ ಒಳಪಟ್ಟು ಮಾರಲಾಗಿದೆ ಎಂಬ ಸಾಲಿದ್ದರೆ ಸುಮಾರು 1964ರಿಂದ 1969ರ ನಡುವಿನದು. 1969ರ ಹೊತ್ತಿಗೆ ಹಳದಿ ಹೋಗಿ ಬೆಳ್ಳಿ ಬಣ್ಣ, ಚೌಕದೊಳಗಿನ ಇಎಂಐ ಗುರುತು ಬಂದವು. ಅಂಚಿನಲ್ಲಿ "ಇಎಂಐ ರೆಕಾರ್ಡ್ಸ್ ಲಿಮಿಟೆಡ್" ಎಂದಿದ್ದರೆ 1973ರ ಮಧ್ಯಭಾಗದ ನಂತರದ್ದು. ಕಂಪನಿ ಹೆಸರು ಬದಲಿಸಿಕೊಂಡದ್ದು ಆಗಲೇ. ನಡುತೂತಿನ ಹತ್ತಿರ ಕಾಗದದಲ್ಲಿ ಒತ್ತಿದ "ಕೆಟಿ" ತರಹದ ಎರಡಕ್ಷರ ಕಂಡರೆ ಗಾಬರಿ ಬೇಡ. ಅದು ಆ ಕಾಲದ ಬ್ರಿಟಿಷ್ ಖರೀದಿ ತೆರಿಗೆಯ ಸಂಕೇತ. ಬೆಳಕನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ.

ಚೌಕಟ್ಟಿನೊಳಗಿನ ಗೆಮಾ, ಸ್ಟೆಮ್ರಾ, ಬಿಯೆಮ್ ಎಂಬವು ಏನು?

ಹಾಡಿನ ಹಕ್ಕುದಾರರಿಗೆ ಗೌರವಧನ ಸಂಗ್ರಹಿಸುವ ಸಂಘಗಳು. ತಟ್ಟೆ ಎಲ್ಲಿ ತಯಾರಾಯಿತೋ, ಯಾವ ಮಾರುಕಟ್ಟೆಗೆ ಹೋಯಿತೋ ಅಲ್ಲಿನ ಸಂಘದ ಹೆಸರು ಲೇಬಲ್ಲಿಗೆ ಬರುತ್ತದೆ. ಗೆಮಾ ಜರ್ಮನಿಯದು, ಸ್ಟೆಮ್ರಾ ನೆದರ್ಲೆಂಡ್ಸ್‌ನದು, ಸಬಾಮ್ ಬೆಲ್ಜಿಯಮ್ಮಿನದು, ಸಾಸೆಮ್ ಮತ್ತು ಎಸ್‌ಡಿಆರ್‌ಎಂ ಫ್ರಾನ್ಸಿನವು, ಎಸ್‌ಐಎಇ ಇಟಲಿಯದು, ಎಸ್‌ಜಿಎಇ ಸ್ಪೇನಿನದು, ಸುಯಿಸಾ ಸ್ವಿಟ್ಜರ್ಲೆಂಡಿನದು, ಆಸ್ಟ್ರೋ-ಮೆಕಾನಾ ಆಸ್ಟ್ರಿಯಾದ್ದು, ಎನ್‌ಸಿಬಿ ಉತ್ತರದ ಸ್ಕ್ಯಾಂಡಿನೇವಿಯನ್ ದೇಶಗಳದು, ಜಾಸ್ರಾಕ್ ಜಪಾನಿನದು. ಪೂರ್ವ ಜರ್ಮನಿಗೆ ಎಡಬ್ಲ್ಯುಎ ಇತ್ತು.

ಬಿಯೆಮ್ ಒಂದು ದೇಶದ್ದಲ್ಲ, ಇಂಥ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ. ಅದೊಂದೇ ಇದ್ದರೆ ದೇಶ ತೀರ್ಮಾನವಾಗುವುದಿಲ್ಲ. ಎರಡು ಹೆಸರು ಜೊತೆಗಿದ್ದರೆ, ಉದಾಹರಣೆಗೆ ಗೆಮಾ ಮತ್ತು ಸ್ಟೆಮ್ರಾ, ಒಂದೇ ತಟ್ಟೆಯನ್ನು ಹಲವು ದೇಶಗಳಿಗೆ ಹಂಚಿದ್ದಾರೆ ಎಂದರ್ಥ. ಅಮೆರಿಕದ ಲೇಬಲ್ಲುಗಳಲ್ಲಿ ಹಾಡಿನ ಹೆಸರಿನ ಪಕ್ಕದಲ್ಲಿ ಬಿಎಂಐ, ಆಸ್ಕ್ಯಾಪ್ ಎಂದಿರುತ್ತದೆ. ಅದು ಆ ಹಾಡು ಯಾವ ಸಂಘದ ಸದಸ್ಯರದು ಎಂಬುದಷ್ಟೇ. ಬೇರೆ ದೇಶದವರೂ ಅದನ್ನು ಹಾಗೆಯೇ ನಕಲು ಮಾಡಿರುವುದುಂಟು, ಹಾಗಾಗಿ ಅದು ಗಟ್ಟಿ ಸಾಕ್ಷಿಯಲ್ಲ.

"ಎಲ್‌ಸಿ" ಎಂದು ನಾಲ್ಕಂಕಿಯ ಸಂಖ್ಯೆ ಚೌಕದಲ್ಲಿದ್ದರೆ ಅದು ಲೇಬಲ್ ಕೋಡ್. 1970ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದದ್ದು. ಅದಿರುವ ಪ್ರತಿಯನ್ನು ಯಾರಾದರೂ 1968ರ ಮೂಲ ಜರ್ಮನ್ ಪ್ರತಿ ಎಂದು ಮಾರಿದರೆ ಒಪ್ಪಬೇಡಿ.

"ಪ್ರಿಂಟೆಡ್ ಇನ್" ಎಂದರೆ ತಟ್ಟೆಯೂ ಅಲ್ಲಿಯದೇ?

ಅಲ್ಲ. ಕವರ್ ಮೇಲಿನ "ಪ್ರಿಂಟೆಡ್ ಇನ್" ಕವರಿಗೆ ಮಾತ್ರ ಸಂಬಂಧಿಸಿದ್ದು. 1970ರ ದಶಕದ ನಂತರ ಯುರೋಪಿನ ದೊಡ್ಡ ಕಂಪನಿಗಳು ತಯಾರಿಕೆಯನ್ನು ಕೆಲವೇ ಕಡೆ ಒಟ್ಟುಗೂಡಿಸಿದವು: ಸಿಬಿಎಸ್‌ಗೆ ನೆದರ್ಲೆಂಡ್ಸ್‌ನ ಹಾರ್ಲೆಮ್, ಇಎಂಐಗೆ ಅಲ್ಲಿಯದೇ ಊಡೆನ್. ಹೀಗಾಗಿ ಒಂದು ದೇಶದಲ್ಲಿ ಮುದ್ರಿಸಿದ ಕವರಿನೊಳಗೆ ಇನ್ನೊಂದು ದೇಶದ ತಟ್ಟೆ ಸಹಜ. ಯಾರೋ ಅದಲು ಬದಲು ಮಾಡಿದ್ದಾರೆ ಎಂದು ಕೂಡಲೇ ಅನುಮಾನಿಸಬೇಕಿಲ್ಲ. "ಇಇಸಿ" ಎಂದಿದ್ದರೆ ಹಳೆಯ ಯುರೋಪಿಯನ್ ಆರ್ಥಿಕ ಸಮುದಾಯದ ಕಾಲ. "ಇಯು" ಎಂದಿದ್ದರೆ 1993ರ ನವೆಂಬರ್ ಅಥವಾ ನಂತರ, ಏಕೆಂದರೆ ಆ ಹೆಸರೇ ಹುಟ್ಟಿದ್ದು ಆಗ. "ವೆಸ್ಟ್ ಜರ್ಮನಿ" 1990ರ ಏಕೀಕರಣದ ತನಕ.

ವೃತ್ತದೊಳಗಿನ "ಪಿ" ಅಕ್ಷರದ ಪಕ್ಕದ ವರ್ಷವೇ ತಯಾರಾದ ವರ್ಷ ಅಲ್ಲವೇ?

ಅಲ್ಲ. ಆ ಧ್ವನಿಮುದ್ರಣ ಮೊದಲು ಬಿಡುಗಡೆಯಾದ ವರ್ಷ ಅದು. 1967 ಎಂದು ಬರೆದ ಲೇಬಲ್ 1982ರಲ್ಲಿ ಒತ್ತಿದ್ದಾಗಿರಬಹುದು. ಆದರೆ ಅಮೆರಿಕದ ಮಟ್ಟಿಗೆ ಈ ಗುರುತು ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ: ಅಲ್ಲಿ ಧ್ವನಿಮುದ್ರಣಗಳಿಗೆ ಕೇಂದ್ರ ಸರ್ಕಾರದ ಹಕ್ಕುಸ್ವಾಮ್ಯ ಬಂದದ್ದು 1972ರ ಫೆಬ್ರವರಿ 15ರಂದು. ಅಮೆರಿಕದ ಲೇಬಲ್‌ನಲ್ಲಿ ಈ ಗುರುತಿದ್ದರೆ ಅದು ಸಾಮಾನ್ಯವಾಗಿ ಆ ದಿನಾಂಕದ ಈಚಿನ ಪ್ರತಿ. ಬ್ರಿಟನ್ನಿಗೆ ಈ ನಿಯಮ ಹಚ್ಚಬೇಡಿ, ಅಲ್ಲಿ 1960ರ ದಶಕದಲ್ಲೇ ಬಳಕೆಯಲ್ಲಿತ್ತು.

ಕವರಿನಲ್ಲಿ ಬಾರ್‌ಕೋಡ್ ಇದ್ದರೆ 1970ರ ದಶಕದ ಕೊನೆ ಅಥವಾ ನಂತರದ್ದು.

ದಿನಾಂಕವನ್ನು ತಾವೇ ಬರೆದು ಕೊಡುವ ದೇಶಗಳಿವೆಯೇ?

ಇವೆ, ಸಂಗ್ರಾಹಕರಿಗೆ ಅವು ವರದಾನ. ಸ್ಪೇನಿನ ರೆಕಾರ್ಡುಗಳಲ್ಲಿ "ದೆಪೊಸಿತೊ ಲೆಗಾಲ್" ಎಂಬ ನೋಂದಣಿ ಸಂಖ್ಯೆ ಇರುತ್ತದೆ: ಮೊದಲು ಊರಿನ ಅಕ್ಷರ, ಮ್ಯಾಡ್ರಿಡ್‌ಗೆ "ಎಂ", ಬಾರ್ಸಿಲೋನಾಗೆ "ಬಿ", ಆಮೇಲೆ ಸಂಖ್ಯೆ, ಗೆರೆ, ವರ್ಷ. ಫ್ರಾನ್ಸಿನ ಕವರುಗಳಲ್ಲಿ "ದೆಪೊ ಲೆಗಾಲ್" ಎಂದು ತ್ರೈಮಾಸಿಕ ಮತ್ತು ವರ್ಷ ಕಾಣಬಹುದು. ಇಟಲಿಯ ಪ್ರತಿಗಳಲ್ಲಿ ರನ್‌ಔಟ್‌ನಲ್ಲೇ ದಿನ-ತಿಂಗಳು-ವರ್ಷ ಕೈಯಲ್ಲಿ ಕೊರೆದಿರುವುದು ಸಾಮಾನ್ಯ. ಲೇಬಲ್ ಮೇಲೆ ಎಸ್‌ಐಎಇ ಮುದ್ರೆಯೂ ಬಿದ್ದಿರುತ್ತದೆ. ಡಾಯ್ಚ ಗ್ರಾಮಫೋನ್‌ನ ಹಳೆಯ ಕವರುಗಳ ಹಿಂಬದಿಯ ಮೂಲೆಯಲ್ಲಿ 9/58 ಎಂಬಂತೆ ತಿಂಗಳು, ವರ್ಷ ಸಣ್ಣಕ್ಕೆ ಅಚ್ಚಾಗಿರುತ್ತದೆ. ಅದು ಕವರ್ ಮುದ್ರಣದ ದಿನಾಂಕ. ಒಳಗಿನ ಲೇಬಲ್ಲಿಗೆ ಟುಲಿಪ್ ಅಂಚು ಇದ್ದರೆ ಸುಮಾರು 1970ರವರೆಗಿನದು, ಆಮೇಲೆ ನೀಲಿ ಗೆರೆಗಳ ಅಂಚು ಬಂತು.

ಒಂದು ಎಚ್ಚರಿಕೆ: ಮರುಮುದ್ರಣವಾದಾಗ ಹಳೆಯ ನೋಂದಣಿ ಸಂಖ್ಯೆಯನ್ನೇ ಉಳಿಸಿಕೊಂಡಿರಬಹುದು. "ಇದಕ್ಕಿಂತ ಮುಂಚಿನದಲ್ಲ" ಎಂದು ಹೇಳಲು ಈ ದಿನಾಂಕ ಸಾಕು, "ಇದೇ ವರ್ಷದ್ದು" ಎನ್ನಲು ಸಾಲದು.

ಸೋವಿಯತ್ ಲೇಬಲ್‌ನಲ್ಲಿ 5289-80 ಎಂದಿದೆ. 1980ರದ್ದೇ?

ಇದು ಎಲ್ಲರೂ ಮಾಡುವ ತಪ್ಪು. "ಗೋಸ್ತ್ 5289" ಎನ್ನುವುದು ಗ್ರಾಮಫೋನ್ ರೆಕಾರ್ಡುಗಳ ಸರ್ಕಾರಿ ಗುಣಮಾನದ ಸಂಖ್ಯೆ. ಕೊನೆಯ ಎರಡಂಕಿ ಆ ಗುಣಮಾನ ಪರಿಷ್ಕೃತವಾದ ವರ್ಷ. 61, 68, 73, 80, 88 ಎಂಬ ಆವೃತ್ತಿಗಳಿವೆ. ಹಾಗಾಗಿ 5289-73 ಎಂದಿದ್ದರೆ 1973ರಿಂದ ಮುಂದಿನ ಆವೃತ್ತಿ ಬರುವ ತನಕದ ಯಾವ ವರ್ಷವಾದರೂ ಆಗಬಹುದು.

ಮೆಲೋದಿಯಾ ಎಂಬ ಹೆಸರು 1964ರಲ್ಲಿ ಸ್ಥಾಪನೆಯಾದ ಸಂಸ್ಥೆಯದು. ಒಂದೇ ನಂಬರಿನ ರೆಕಾರ್ಡು ಅಪ್ರೆಲೆವ್ಕಾ, ಲೆನಿನ್‌ಗ್ರಾದ್, ರೀಗಾ, ತಾಷ್ಕೆಂತ್, ತ್ಬಿಲಿಸಿ ಕಾರ್ಖಾನೆಗಳಲ್ಲಿ ತಯಾರಾಗುತ್ತಿತ್ತು. ಕಾರ್ಖಾನೆಯ ಹೆಸರು ಲೇಬಲ್ ಮೇಲೆಯೇ ಇರುತ್ತದೆ. ಬಣ್ಣ ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುವುದರಿಂದ ನೀಲಿ ಮೊದಲೋ ಕೆಂಪು ಮೊದಲೋ ಎಂಬ ವಾದಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ. 1970ರ ದಶಕದ ನಡುವಿನ ನಂತರದ ನಂಬರುಗಳಲ್ಲಿ ಮೊದಲ ಅಕ್ಷರ ಸ್ಟೀರಿಯೊ ಅಥವಾ ಮೋನೊ, ನಂತರದ ಅಂಕಿ ಸಂಗೀತದ ಬಗೆ, ಅದರ ನಂತರದ್ದು ಗಾತ್ರ: 0 ಎಂದರೆ ದೊಡ್ಡ ತಟ್ಟೆ, 2 ಎಂದರೆ ಚಿಕ್ಕದು.

ಪೂರ್ವ ಜರ್ಮನಿಯಲ್ಲಿ ಜನಪ್ರಿಯ ಸಂಗೀತಕ್ಕೆ ಅಮಿಗಾ, ಶಾಸ್ತ್ರೀಯಕ್ಕೆ ಎಟರ್ನಾ. ಎರಡೂ ಒಂದೇ ಸರ್ಕಾರಿ ಸಂಸ್ಥೆಯವು.

ಅಮೆರಿಕದ ಲೇಬಲ್ಲುಗಳ ಕಾಲ ಗುರುತಿಸಲು ಸುಲಭ ಸೂತ್ರವಿದೆಯೇ?

ಕಂಪನಿವಾರು ಕಲಿಯಬೇಕು, ಆದರೆ ವಿನ್ಯಾಸ ದೇಶದುದ್ದಕ್ಕೂ ಒಂದೇ ಸಲ ಬದಲಾಗುತ್ತಿದ್ದುದರಿಂದ ನೆನಪಿಡುವುದು ಕಷ್ಟವಲ್ಲ. ಕೊಲಂಬಿಯಾ: ಎಡಬಲದಲ್ಲಿ ಮೂರು ಮೂರು "ಕಣ್ಣು" ಇರುವ ಆರು ಕಣ್ಣಿನ ಲೇಬಲ್ 1962ರವರೆಗೆ, ಎರಡು ಕಣ್ಣಿನದು 1962ರಿಂದ 1970, ಆಮೇಲೆ ಸುತ್ತಲೂ ಕಂಪನಿ ಹೆಸರು ಮರುಕಳಿಸುವ ಕೆಂಪು ಲೇಬಲ್. ಕ್ಯಾಪಿಟಲ್: ಅಂಚಿನಲ್ಲಿ ಕಾಮನಬಿಲ್ಲಿನ ಪಟ್ಟಿಯ ಕಪ್ಪು ಲೇಬಲ್ 1969ರವರೆಗೆ, ಅದರೊಳಗೂ ಗುರುತು ಎಡಕ್ಕಿದ್ದರೆ 1962ಕ್ಕಿಂತ ಮುಂಚೆ, ಮೇಲಿದ್ದರೆ ನಂತರ. ಆಮೇಲೆ ಹಸಿರು, 1970ರ ದಶಕದ ನಡುವೆ ಕಿತ್ತಳೆ, 1978ರಿಂದ ನೇರಳೆ, 1983ರಲ್ಲಿ ಮತ್ತೆ ಕಾಮನಬಿಲ್ಲು. ಈ ಮರಳಿ ಬಂದ ಕಾಮನಬಿಲ್ಲನ್ನು ಹಳೆಯದೆಂದು ಕೊಂಡು ಮೋಸಹೋದವರು ಬಹಳ. ವಾರ್ನರ್: ಬರ್ಬ್ಯಾಂಕ್‌ನ ಮರಗಳ ಸಾಲಿನ ಚಿತ್ರ 1973ರಿಂದ 1978.

ಅಮೆರಿಕದಲ್ಲಿ ದೇಶಕ್ಕಿಂತ ಕಾರ್ಖಾನೆ ಮುಖ್ಯ. ಆರ್‌ಸಿಎ ರನ್‌ಔಟ್‌ಗಳಲ್ಲಿ "ಐ" ಇಂಡಿಯಾನಾಪೊಲಿಸ್, "ಎಚ್" ಹಾಲಿವುಡ್, "ಆರ್" ರಾಕವೇ. ಕ್ಯಾಪಿಟಲ್‌ಗೆ ನಕ್ಷತ್ರ ಚಿಹ್ನೆ ಲಾಸ್ ಏಂಜಲಿಸ್, ಒಳಗೆ "ಐಎಎಂ" ಎಂಬ ಅಕ್ಷರಗಳಿರುವ ತ್ರಿಕೋನ ಸ್ಕ್ರ್ಯಾಂಟನ್.

ಜಪಾನಿನ ಪ್ರತಿಯಲ್ಲಿ ಲೇಬಲ್ ಸಾಕೇ, ಇನ್ನೇನಾದರೂ ಬೇಕೇ?

ಜಪಾನಿನ ಲೇಬಲ್ಲುಗಳು ಮೂಲ ದೇಶದ ವಿನ್ಯಾಸವನ್ನು ಬಹಳ ಅಚ್ಚುಕಟ್ಟಾಗಿ ಅನುಸರಿಸುತ್ತವೆ. ಅಂಚಿನ ಜಪಾನಿ ಅಕ್ಷರ, ಜಾಸ್ರಾಕ್ ಗುರುತುಗಳಿಂದಲೇ ವ್ಯತ್ಯಾಸ ಗೊತ್ತಾಗುವುದು. ಕಾಲ ಹೇಳುವುದು ಕಂಪನಿ ಹೆಸರು: ತೋಷಿಬಾ ಮ್ಯೂಸಿಕಲ್ ಇಂಡಸ್ಟ್ರೀಸ್ ಎಂದಿದ್ದರೆ 1973ರವರೆಗೆ, ತೋಷಿಬಾ-ಇಎಂಐ ಎಂದಿದ್ದರೆ ನಂತರ. ಸಿಬಿಎಸ್‌-ಸೋನಿ ಶುರುವಾದದ್ದು 1968ರಲ್ಲಿ. ತೋಷಿಬಾದ ಹಳೆಯ ತಟ್ಟೆಗಳಲ್ಲಿ ಧೂಳು ಹಿಡಿಯದಂತೆ ತಯಾರಿಸಿದ ಕೆಂಪು ವಿನೈಲ್ ಇರುತ್ತದೆ; ಬೆಳಕಿಗೆ ಹಿಡಿದರೆ ಮಾಣಿಕ್ಯದಂತೆ ಹೊಳೆಯುತ್ತದೆ.

ಬೆಲೆ ನಿಲ್ಲುವುದು ಮಾತ್ರ "ಓಬಿ" ಎಂಬ ಕಾಗದದ ಪಟ್ಟಿಯ ಮೇಲೆ. ಕವರಿನ ಎಡಬದಿಗೆ ಸುತ್ತಿರುವ ಆ ಪಟ್ಟಿ ಹರಿದುಹೋಗುವುದು ಸುಲಭ. ಕವರನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆಯುವಾಗ ಓಬಿಯನ್ನು ಕೈಯಿಂದ ಒತ್ತಿ ಹಿಡಿದು ತೆಗೆಯಿರಿ. ಬಿಳಿ ಲೇಬಲ್ಲಿನ ಮೇಲೆ ಮಾದರಿ ಪ್ರತಿ ಎಂಬ ಜಪಾನಿ ಮುದ್ರೆ ಇದ್ದರೆ ಅದು "ಮಿಹೊನ್‌ಬಾನ್", ರೇಡಿಯೊ ಮತ್ತು ಅಂಗಡಿಗಳಿಗೆ ಕೊಟ್ಟದ್ದು. ಸಾಮಾನ್ಯವಾಗಿ ಮೊದಲ ಹೊತ್ತಿನ ತಟ್ಟೆ, ಅದಕ್ಕೇ ಬೇಡಿಕೆ.

ರನ್‌ಔಟ್ ಓದುವ ವಿಧಾನ ತಿಳಿಸಿ.

ಮೊದಲು ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಕೋಣೆಯ ದೀಪ ಆರಿಸಿ, ಒಂದೇ ಟಾರ್ಚನ್ನು ತಟ್ಟೆಯ ಮಟ್ಟಕ್ಕೆ ಇಳಿಸಿ, ಬದಿಯಿಂದ ಬೆಳಕು ಹಾಯಿಸಿ ತಟ್ಟೆಯನ್ನು ನಿಧಾನ ತಿರುಗಿಸಿ. ಮೇಲಿನಿಂದ ಬೆಳಕು ಬಿದ್ದರೆ ಅಕ್ಷರ ಕಾಣುವುದಿಲ್ಲ, ನೆರಳು ಬೇಕು. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಆದರೂ ಓದಲಾಗದಿದ್ದರೆ ತೆಳು ಟ್ರೇಸಿಂಗ್ ಕಾಗದವನ್ನು ನುಣುಪು ಜಾಗದ ಮೇಲೆ ಮಾತ್ರ ಇಟ್ಟು 4ಬಿ ಪೆನ್ಸಿಲ್ಲನ್ನು ಓರೆಯಾಗಿ ಹಗುರಕ್ಕೆ ಉಜ್ಜಿ; ಹಾಡಿನ ಜಾಡಿನ ಮೇಲೆ ಕಾಗದ ಹೋಗಬಾರದು.

ಈಗ ಬ್ರಿಟಿಷ್ ಇಎಂಐ ತಟ್ಟೆ ಹಿಡಿಯಿರಿ. ಮ್ಯಾಟ್ರಿಕ್ಸ್ ನಂಬರು ಕೆಳಗೆ, ಗಡಿಯಾರದ 6ರ ಜಾಗಕ್ಕೆ ಬರಲಿ. ಮೋನೊ ಆದರೆ "ಎಕ್ಸ್‌ಇಎಕ್ಸ್", ಸ್ಟೀರಿಯೊ ಆದರೆ "ವೈಇಎಕ್ಸ್" ಎಂದು ಶುರುವಾಗುತ್ತದೆ. ಗೆರೆಯ ನಂತರದ 1, 2 ಎಂಬುದು ಎಷ್ಟನೆಯ ಸಲ ಕೊರೆದದ್ದು ಎಂಬ ಲೆಕ್ಕ. 9ರ ಜಾಗದಲ್ಲಿ ಒಂದಂಕಿ ಇರುತ್ತದೆ, ಅದು ಮದರ್ ಎಂಬ ಲೋಹದ ಅಚ್ಚಿನ ಸಂಖ್ಯೆ. 3ರ ಜಾಗದಲ್ಲಿ ಅಕ್ಷರಗಳು, ಅದು ಸ್ಟ್ಯಾಂಪರ್ ಸಂಖ್ಯೆ. ಗ್ರಾಮಫೋನ್ ಲಿಮಿಟೆಡ್ ಎಂಬ ಹೆಸರಿನ ಅಕ್ಷರಗಳೇ ಅಂಕಿಗಳಾಗಿವೆ: ಜಿ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. "ಜಿಎ" ಎಂದಿದ್ದರೆ 13ನೇ ಸ್ಟ್ಯಾಂಪರ್. "ಆರ್‌ಡಿಎಲ್" ಎಂದರೆ 208. ಡೆಕ್ಕಾದವರು ಬಕಿಂಗ್‌ಹ್ಯಾಮ್ ಎಂಬ ಪದ ಬಳಸಿದರು: ಬಿ 1, ಯು 2, ಸಿ 3, ಕೆ 4, ಐ 5, ಎನ್ 6, ಜಿ 7, ಎಚ್ 8, ಎ 9, ಎಂ 0.

ಚಿಕ್ಕ ಸಂಖ್ಯೆ ಎಂದರೆ ಸಾಮಾನ್ಯವಾಗಿ ಮುಂಚಿನದು. ಆದರೆ ಹಲವು ಸ್ಟ್ಯಾಂಪರುಗಳು ಒಂದೇ ಕಾಲಕ್ಕೆ ಬೇರೆ ಬೇರೆ ಯಂತ್ರಗಳಲ್ಲಿ ಓಡುತ್ತಿದ್ದವು, ಹಾಗಾಗಿ 3ನೆಯದಕ್ಕೂ 5ನೆಯದಕ್ಕೂ ನಡುವೆ ದಿನಗಳ ಅಂತರವೂ ಇಲ್ಲದಿರಬಹುದು. ಅಷ್ಟಕ್ಕೇ ದುಪ್ಪಟ್ಟು ಹಣ ಕೊಡುವುದು ತರವಲ್ಲ.

ಲೇಬಲ್ ಹಳೆಯದು, ತಟ್ಟೆ ಹೊಸದು ಎಂಬುದು ಸಾಧ್ಯವೇ?

ಸಾಧ್ಯ. ಜಾಝ್ ಸಂಗ್ರಾಹಕರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಅಮೆರಿಕದ ಬ್ಲೂ ನೋಟ್ ಕಂಪನಿ. ಅದರ ಲೇಬಲ್‌ಗಳನ್ನು ವಿಳಾಸದಿಂದ ಗುರುತಿಸುತ್ತಾರೆ: ಮೊದಲು ಲೆಕ್ಸಿಂಗ್ಟನ್ ಅವೆನ್ಯೂ, 1957ರಿಂದ 47 ವೆಸ್ಟ್ 63ನೇ ಬೀದಿ, ಸುಮಾರು 1962ರಿಂದ ಬರೀ "ನ್ಯೂಯಾರ್ಕ್ ಯುಎಸ್‌ಎ". 1966ರ ಹೊತ್ತಿಗೆ ಕಂಪನಿ ಲಿಬರ್ಟಿ ಎಂಬ ಇನ್ನೊಂದು ಕಂಪನಿಯ ಕೈಗೆ ಹೋದಾಗ ಉಳಿದಿದ್ದ ನ್ಯೂಯಾರ್ಕ್ ಲೇಬಲ್‌ಗಳನ್ನು ಅವರು ಎಸೆಯಲಿಲ್ಲ, ಹೊಸ ತಟ್ಟೆಗಳಿಗೆ ಬಳಸಿದರು. ವ್ಯತ್ಯಾಸ ರನ್‌ಔಟ್‌ನಲ್ಲಿದೆ: ಮೊದಲಿನ ಕಾರ್ಖಾನೆ ಪ್ಲಾಸ್ಟಿಲೈಟ್‌ನ ತಟ್ಟೆಗಳಲ್ಲಿ ಕಿವಿಯ ಆಕಾರದ ಸಣ್ಣ ಗುರುತು ಕೊರೆದಿರುತ್ತದೆ, ಲಿಬರ್ಟಿ ಕಾಲದವುಗಳಲ್ಲಿ ಇರುವುದಿಲ್ಲ. ಲೇಬಲ್ ಒಂದೇ, ಬೆಲೆ ಮಾತ್ರ ಬೇರೆ.

1ಸಿ 062 ಎಂಬಂಥ ಉದ್ದ ನಂಬರುಗಳ ಅರ್ಥವೇನು?

1970ರ ದಶಕದಲ್ಲಿ ಇಎಂಐ ಯುರೋಪಿನ ಶಾಖೆಗಳಿಗೆಲ್ಲ ಒಂದೇ ನಂಬರು ಪದ್ಧತಿ ತಂದಿತು. ಮೊದಲ ಭಾಗ ದೇಶ: 1ಸಿ ಜರ್ಮನಿ, 2ಸಿ ಫ್ರಾನ್ಸ್, 3ಸಿ ಇಟಲಿ, 4ಸಿ ಬೆಲ್ಜಿಯಂ, 5ಸಿ ನೆದರ್ಲೆಂಡ್ಸ್, 7ಸಿ ಸ್ವೀಡನ್, 1ಜೆ ಸ್ಪೇನ್. ನಡುವಿನ ಮೂರಂಕಿ ಬೆಲೆ ಮತ್ತು ಮಾದರಿಯ ವರ್ಗ. ಕೊನೆಯ ಐದಂಕಿ ಆ ಆಲ್ಬಮ್ಮಿನದು, ಎಲ್ಲ ದೇಶಗಳಲ್ಲೂ ಒಂದೇ. ಹೀಗಾಗಿ ಕೊನೆಯ ಐದಂಕಿ ಹಿಡಿದು ಹುಡುಕಿದರೆ ಒಂದು ಆಲ್ಬಮ್ಮಿನ ಎಲ್ಲ ಯುರೋಪಿಯನ್ ಪ್ರತಿಗಳೂ ಒಂದೇ ಕಡೆ ಸಿಗುತ್ತವೆ.

ನಿಮಿಷಕ್ಕೆ 45 ಸುತ್ತಿನ ಚಿಕ್ಕ ರೆಕಾರ್ಡುಗಳಲ್ಲಿ ನಡುತೂತಿನ ಗಾತ್ರ ದೇಶ ಹೇಳುತ್ತದೆಯೇ?

ಸುಳಿವು ಕೊಡುತ್ತದೆ. ಅಮೆರಿಕದವು ದೊಡ್ಡ ತೂತಿನವು, ಸುಮಾರು 38 ಮಿ.ಮೀ. ಬ್ರಿಟನ್ನಿನವು ಚಿಕ್ಕ ತೂತಿನವು, ಹಲವಕ್ಕೆ ಮುರಿದು ತೆಗೆಯಬಹುದಾದ ನಡುಭಾಗ ಇರುತ್ತದೆ. ಜ್ಯೂಕ್‌ಬಾಕ್ಸ್‌ಗಾಗಿ (ನಾಣ್ಯ ಹಾಕಿ ಹಾಡು ಕೇಳುವ ಯಂತ್ರ) ಅದನ್ನು ತೆಗೆದ ಪ್ರತಿಗಳಿಗೆ ಬೆಲೆ ಕಡಿಮೆ. ಅಂಥವನ್ನು ಅಮೆರಿಕದ ಪ್ರತಿ ಎಂದು ತಪ್ಪು ತಿಳಿಯಬೇಡಿ, ಒಡೆದ ಅಂಚು ಒರಟಾಗಿರುತ್ತದೆ.

ಭಾರತ, ಬ್ರೆಜಿಲ್ ಮುಂತಾದ ದೇಶಗಳ ಪ್ರತಿಗಳಲ್ಲಿ ಏನು ನೋಡಬೇಕು?

ಭಾರತದ ಎಚ್‌ಎಂವಿ, ಕೊಲಂಬಿಯಾ, ಓಡಿಯನ್, ಏಂಜೆಲ್ ಲೇಬಲ್ಲುಗಳು ಒಂದೇ ಮನೆಯವು: ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ, ಕಾರ್ಖಾನೆ ಕಲ್ಕತ್ತದ ದಮ್‌ದಮ್. ಬ್ರಿಟಿಷ್ ವಿನ್ಯಾಸವೇ ಆದರೂ ಅಂಚಿನ ಸಾಲಿನಲ್ಲಿ ಭಾರತದ ಕಂಪನಿ ಹೆಸರು ಸ್ಪಷ್ಟ. ಬ್ರೆಜಿಲ್‌ನಲ್ಲಿ "ಇಂದೂಸ್ತ್ರಿಯಾ ಬ್ರಸಿಲೇಯಿರಾ" ಮತ್ತು 1970ರ ದಶಕದಿಂದ "ಡಿಸ್ಕ್ ಎಂದರೆ ಸಂಸ್ಕೃತಿ" ಎಂಬ ಪೋರ್ಚುಗೀಸ್ ಘೋಷವಾಕ್ಯ ಕಾಣುತ್ತದೆ. ಅರ್ಜೆಂಟೀನಾ, ಮೆಕ್ಸಿಕೊ ಲೇಬಲ್‌ಗಳಲ್ಲಿ ಹಾಡಿನ ಹೆಸರುಗಳನ್ನೇ ಸ್ಪ್ಯಾನಿಷ್‌ಗೆ ಅನುವಾದಿಸಿರುವುದು ಸಾಮಾನ್ಯ.

ಲೇಬಲ್ ನಕಲಿಯೋ ಅಸಲಿಯೋ ಗೊತ್ತಾಗುವುದು ಹೇಗೆ?

ಲೇಬಲ್ಲಿಗೆ ಅಂಟು ಹಾಕುವುದಿಲ್ಲ ಎಂಬುದು ಮೊದಲು ಗೊತ್ತಿರಲಿ. ಒಲೆಯಲ್ಲಿ ಒಣಗಿಸಿದ ಕಾಗದವನ್ನು ಬಿಸಿ ವಿನೈಲ್ ಮುದ್ದೆಯ ಮೇಲೆ, ಕೆಳಗೆ ಇಟ್ಟು ಯಂತ್ರದಲ್ಲಿ ಒತ್ತಿದಾಗ ಎರಡೂ ಬೆಸೆದುಕೊಳ್ಳುತ್ತವೆ. ಒಣಗುವುದು ಸಾಲದಿದ್ದರೆ ತೇವ ಆವಿಯಾಗಿ ಗುಳ್ಳೆ ಏಳುತ್ತದೆ. ಅದು ತಯಾರಿಕೆಯ ದೋಷ, ನಕಲಿಯ ಲಕ್ಷಣವಲ್ಲ. ಲೇಬಲ್ ಅಂಚಿಗೆ ಉಗುರು ತಾಕಿಸಿ ನೋಡಿ: ಅಸಲಿಯಲ್ಲಿ ಕಾಗದ ವಿನೈಲ್‌ನೊಳಗೆ ಕುಳಿತಿರುತ್ತದೆ, ಆಮೇಲೆ ಅಂಟಿಸಿದ್ದರಲ್ಲಿ ಅಂಚು ಎದ್ದು ಉಗುರಿಗೆ ಸಿಗುತ್ತದೆ.

ನಕಲಿಗಾರರು ಅಸಲಿ ಲೇಬಲ್ಲಿನ ಫೋಟೊ ತೆಗೆದು ಅಚ್ಚು ಹಾಕುತ್ತಾರೆ. ಭೂತಗನ್ನಡಿಯಲ್ಲಿ ಅಕ್ಷರದ ಅಂಚು ಚುಕ್ಕೆ ಚುಕ್ಕೆಯಾಗಿ ಕಂಡರೆ, ಚಿನ್ನ ಅಥವಾ ಬೆಳ್ಳಿಯ ಜಾಗದಲ್ಲಿ ಹೊಳಪಿಲ್ಲದ ಹಳದಿ, ಬೂದು ಬಣ್ಣವಿದ್ದರೆ ಅನುಮಾನಿಸಿ. ಯಂತ್ರದಲ್ಲಿ ಅಚ್ಚೊತ್ತಿರಬೇಕಾದ ರನ್‌ಔಟ್ ಸಂಖ್ಯೆ ಕೈಯಲ್ಲಿ ಗೀಚಿದ್ದರೆ ಅನುಮಾನ ಇನ್ನಷ್ಟು ಗಟ್ಟಿ. 1950ರ ದಶಕದ ಅನೇಕ ಅಮೆರಿಕನ್ ಲೇಬಲ್‌ಗಳಲ್ಲಿ ಯಂತ್ರದ ಅಚ್ಚಿನಿಂದ ಬಿದ್ದ ಆಳವಾದ ವೃತ್ತಾಕಾರದ ಗೆರೆ ಇರುತ್ತದೆ. ಅದು ಇರಬೇಕಾದ ಕಡೆ ಇಲ್ಲದಿದ್ದರೂ ವಿಚಾರಿಸಿ.

ರೆಕಾರ್ಡ್ ತೊಳೆಯುವಾಗ ಲೇಬಲ್ ಉಳಿಸಿಕೊಳ್ಳುವುದು ಹೇಗೆ?

ರಬ್ಬರ್ ಅಂಚಿನ ಲೇಬಲ್ ಕವಚ ಬಳಸಿ, ಅಥವಾ ಬ್ರಷ್ಷನ್ನು ರನ್‌ಔಟ್‌ಗೆ ಬರುವ ಮೊದಲೇ ನಿಲ್ಲಿಸಿ. ನೀರು ತಾಗಿದರೆ ಉಜ್ಜಬಾರದು. ಒಣ ಹತ್ತಿ ಬಟ್ಟೆ ಒತ್ತಿ ಹೀರಿಸಿ. ಆಲ್ಕೊಹಾಲ್ ಬೆರೆತ ದ್ರಾವಣ ಶಾಯಿಯನ್ನೇ ಕರಗಿಸುತ್ತದೆ. ಮೆರುಗಿಲ್ಲದ ಕಾಗದದ ಸೋವಿಯತ್ ಲೇಬಲ್ ಇದ್ದರೆ ಇನ್ನೂ ಎಚ್ಚರ. ಹಳೆಯ ಮಾಲೀಕರ ಹೆಸರು ಬರೆದಿದ್ದರೆ ಅಳಿಸಲು ಹೋಗಬೇಡಿ, ಹೆಸರಿಗಿಂತ ಅಳಿಸಿದ ಕಲೆಯೇ ಬೆಲೆಯನ್ನು ಹೆಚ್ಚು ಇಳಿಸುತ್ತದೆ.

ಯಾವ ದೇಶದ ಪ್ರತಿ ಚೆನ್ನಾಗಿ ಕೇಳಿಸುತ್ತದೆ?

ದೇಶಕ್ಕಿಂತ ಮೂಲ ಟೇಪ್ ಎಲ್ಲಿತ್ತು ಎಂದು ಕೇಳುವುದು ಸರಿ. ಸಾಮಾನ್ಯವಾಗಿ ಕಲಾವಿದರ ಸ್ವಂತ ದೇಶದಲ್ಲಿ ಮೊದಲ ಟೇಪಿನಿಂದ ಕೊರೆಯುತ್ತಿದ್ದರು, ಉಳಿದವರಿಗೆ ಅದರ ಪ್ರತಿ ಹೋಗುತ್ತಿತ್ತು. ಜಪಾನಿನ ತಟ್ಟೆಗಳಲ್ಲಿ ಹಿನ್ನೆಲೆಯ ಸದ್ದು ಬಹಳ ಕಡಿಮೆ, ಆದರೆ ಟೇಪ್ ಪ್ರತಿಯ ಪ್ರತಿಯಾಗಿದ್ದರೆ ಮೇಲ್ಸ್ವರಗಳ ಚುರುಕು ತುಸು ಮಂಕಾಗಿರುತ್ತದೆ. ಬ್ರಿಟಿಷ್ ವಾದ್ಯವೃಂದಕ್ಕೆ ಬ್ರಿಟಿಷ್ ಪ್ರತಿ, ಅಮೆರಿಕದ ಜಾಝ್‌ಗೆ ಅಮೆರಿಕದ ಪ್ರತಿ ಎಂದು ಶುರುಮಾಡುವುದು ಕ್ಷೇಮ. ರನ್‌ಔಟ್‌ನಲ್ಲಿ ಮೂಲ ದೇಶದ ಮ್ಯಾಟ್ರಿಕ್ಸೇ ಇರುವ ವಿದೇಶಿ ಪ್ರತಿ ಸಿಕ್ಕರೆ, ಕಡಿಮೆ ಬೆಲೆಗೆ ಅದೇ ಧ್ವನಿ.

ದೂರದಿಂದ ಕೊಳ್ಳುವಾಗ ಮಾರುವವರಿಂದ ಏನು ಕೇಳಬೇಕು?

ಎರಡೂ ಬದಿಯ ಲೇಬಲ್‌ನ ನೇರ ಫೋಟೊ, ಅಂಚಿನ ಸಣ್ಣಕ್ಷರ ಓದುವಷ್ಟು ಹತ್ತಿರದಿಂದ. ಎರಡೂ ಬದಿಯ ರನ್‌ಔಟ್‌ನಲ್ಲಿ ಇರುವುದನ್ನೆಲ್ಲ ಗೆರೆ, ಚುಕ್ಕೆ, ತ್ರಿಕೋನ ಸಹಿತ ಬರೆದು ಕಳಿಸಲಿ. ಯಾವುದು ಯಂತ್ರದ್ದು, ಯಾವುದು ಕೈಬರಹ ಎಂದೂ ತಿಳಿಸಲಿ. ಕವರ್ ಹಿಂಬದಿಯ ಕೆಳಗಿನ ಅಂಚಿನ ಫೋಟೊ ಬೇರೆಯಾಗಿ ಬೇಕು, ಮುದ್ರಕರ ಹೆಸರು ಮತ್ತು ದಿನಾಂಕ ಇರುವುದು ಅಲ್ಲೇ. ಒಂದು ಬದಿಯದ್ದನ್ನು ಮಾತ್ರ ಕಳಿಸಿದರೆ ಇನ್ನೊಂದಕ್ಕೂ ಒತ್ತಾಯಿಸಿ: ಮೊದಲ ಬದಿ 1ನೇ ಕೊರೆತ, ಎರಡನೇ ಬದಿ 4ನೆಯದು ಎಂಬ ತಟ್ಟೆಗಳು ಬೇಕಾದಷ್ಟಿವೆ.